ಜೀವಭೌತ ರಸಾಯನಶಾಸ್ತ್ರ

ಜೀವಿಗಳ ಒಳಗಿನ ಅಣುಗಳು ಯಾವ ಆಕಾರ ತಾಳುತ್ತವೆ, ಎಷ್ಟು ವೇಗವಾಗಿ ಅಲುಗುತ್ತವೆ, ಒಂದಕ್ಕೊಂದು ಎಷ್ಟು ಬಿಗಿಯಾಗಿ ಅಂಟುತ್ತವೆ, ಅದಕ್ಕೆ ಎಷ್ಟು ಶಕ್ತಿ ಬೇಕು ಎಂಬುದನ್ನು ಅಳೆದು ವಿವರಿಸುವ ವಿಜ್ಞಾನ ಶಾಖೆ. ಪ್ರೋಟೀನು, ಡಿಎನ್‌ಎ, ಆರ್‌ಎನ್‌ಎ, ಮೇದಸ್ಸಿನ ಪೊರೆ, ಸಕ್ಕರೆಯ ಸರಪಳಿಗಳು ಇದರ ವಸ್ತು. ಉಷ್ಣಗತಿ ವಿಜ್ಞಾನ, ಕ್ರಿಯಾವೇಗದ ಅಧ್ಯಯನ, ರೋಹಿತದರ್ಶನ, ಕ್ಷ-ಕಿರಣ ಸ್ಫಟಿಕ ವಿಜ್ಞಾನ, ಕಂಪ್ಯೂಟರ್ ಲೆಕ್ಕಾಚಾರ ಇದರ ಸಲಕರಣೆ.

ಸಮಾಸ ಬಿಡಿಸಲು ಹೊರಟರೆ ಅಲ್ಲೇ ಒಂದು ತಕರಾರು ಎದುರಾಗುತ್ತದೆ. ‘ಜೀವ’ ಮತ್ತು ‘ಭೌತರಸಾಯನ’ ಎಂದು ಬಿಡಿಸಿದರೆ ಭೌತರಸಾಯನದ ನಿಯಮಗಳನ್ನು ಜೀವದ್ರವ್ಯಕ್ಕೆ ಹಚ್ಚುವ ವಿದ್ಯೆ ಎಂದಾಗುತ್ತದೆ. ‘ಜೀವಭೌತ’ ಮತ್ತು ‘ರಸಾಯನ’ ಎಂದು ಬಿಡಿಸಿದರೆ ಜೀವಭೌತ ವಿಜ್ಞಾನದ ಒಂದು ಕವಲಾಗುತ್ತದೆ. ಜಾನ್ ಎಡ್ಸಲ್ ಮತ್ತು ಜೆಫ್ರೀಸ್ ವೈಮನ್ 1958ರಲ್ಲಿ ಇದೇ ಹೆಸರಿನ ಪಠ್ಯವನ್ನು ಹೊರತಂದಾಗ ಅವರ ಮನಸ್ಸಿನಲ್ಲಿದ್ದದ್ದು ಮೊದಲ ಅರ್ಥ. ಇಂದು ಎರಡೂ ಬಳಕೆಯಲ್ಲಿವೆ. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು ಈ ಗಡಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಪರೀಕ್ಷಾ ಮಂಡಳಿಗಳೂ ನೇಮಕಾತಿ ಸಮಿತಿಗಳೂ ಕೆಡಿಸಿಕೊಳ್ಳುತ್ತವೆ.

ಹಾಲು ಮೊಸರಾಗುವುದನ್ನೇ ತೆಗೆದುಕೊಳ್ಳೋಣ. ಹೆಪ್ಪಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂಬುದು ಸೂಕ್ಷ್ಮಜೀವಿ ವಿಜ್ಞಾನದ ಪ್ರಶ್ನೆ. ಅದು ಲ್ಯಾಕ್ಟೋಸನ್ನು ಹೇಗೆ ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ ಎಂಬುದು ಜೀವರಸಾಯನದ ಪ್ರಶ್ನೆ. ಗಂಟೆಗಟ್ಟಲೆ ನೀರಾಗಿಯೇ ಇದ್ದ ಹಾಲು, ಹುಳಿ ಒಂದು ಹಂತ ಮುಟ್ಟಿದ ಕೂಡಲೇ ಗಟ್ಟಿಯಾಗುವುದು ಏಕೆ ಎಂಬುದು ಜೀವಭೌತ ರಸಾಯನದ ಪ್ರಶ್ನೆ. ಹಾಲಿನ ಕೇಸಿನ್ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಗಳ ಮೈಮೇಲೆ ಋಣ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಪಿಎಚ್ ಮೌಲ್ಯ 6.7ರ ಆಸುಪಾಸಿನಿಂದ 4.6ರತ್ತ ಇಳಿಯುತ್ತಿದ್ದಂತೆ ಆವೇಶ ಕರಗುತ್ತದೆ, ತಳ್ಳಾಟ ನಿಲ್ಲುತ್ತದೆ, ಉಂಡೆಗಳು ಅಂಟಿಕೊಂಡು ಬಲೆಯಾಗಿ ನೀರನ್ನು ಹಿಡಿದಿಡುತ್ತವೆ.

ಈ ಶಾಸ್ತ್ರದ ಬಹುಪಾಲು ಸೂಕ್ಷ್ಮ ಮೂರು ಅಂಕಿಗಳಲ್ಲಿ ಅಡಗಿದೆ. ಕೋಣೆಯ ಉಷ್ಣತೆಯಲ್ಲಿ ಅಣುಗಳ ಅಲೆದಾಟದ ಶಕ್ತಿ ಒಂದು ಮೋಲಿಗೆ ಸುಮಾರು 2.5 ಕಿಲೋಜೂಲ್. ಎರಡು ಇಂಗಾಲದ ಪರಮಾಣುಗಳ ನಡುವಿನ ರಾಸಾಯನಿಕ ಬಂಧ ಮುರಿಯಲು ಸುಮಾರು 350 ಬೇಕು. ಒಂದು ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳಲು ಸಾಮಾನ್ಯವಾಗಿ 20ರಿಂದ 60 ಸಾಕು. ಅಂದರೆ ಪ್ರೋಟೀನಿನ ದಾರ ಗಟ್ಟಿ, ಅದರ ಮಡಿಕೆ ಮಾತ್ರ ಸಡಿಲ. ಸ್ವಲ್ಪ ಬಿಸಿ, ಸ್ವಲ್ಪ ಹುಳಿ, ಸ್ವಲ್ಪ ಉಪ್ಪು ಹೆಚ್ಚಾದರೂ ರೂಪ ಬದಲಾಗುತ್ತದೆ. ಬೇಯಿಸಿದ ಮೊಟ್ಟೆಯಲ್ಲಿ ನಾವು ಕಾಣುವುದು ಇದನ್ನೇ. ಈ ಸಡಿಲತನವೇ ಉಪಯೋಗಕ್ಕೂ ಬರುತ್ತದೆ: ಕಲ್ಲಿನಷ್ಟು ಗಟ್ಟಿಯಾದ ಕಿಣ್ವ ತನ್ನೊಳಗೆ ಏನನ್ನೂ ಬಿಟ್ಟುಕೊಳ್ಳಲಾರದು. ಮಡಿಕೆಯನ್ನು ಹಿಡಿದಿಡುವ ಬಲಗಳಲ್ಲಿ ಎಣ್ಣೆಯಂಥ ಭಾಗಗಳು ನೀರಿಗೆ ಬೆನ್ನು ತಿರುಗಿಸಿ ಒಳಗೆ ಸೇರಿಕೊಳ್ಳುವುದು ಮುಖ್ಯವಾದದ್ದು ಎಂದು ವಾಲ್ಟರ್ ಕಾಜ್‌ಮನ್ 1959ರಲ್ಲಿ ವಾದಿಸಿದ. ಅಲ್ಲಿಯವರೆಗೆ ಹೈಡ್ರೋಜನ್ ಬಂಧಕ್ಕೇ ಹೆಚ್ಚಿನ ಮರ್ಯಾದೆ ಸಲ್ಲುತ್ತಿತ್ತು.

ಮೊದಲ ಹೆಜ್ಜೆಗಳು

ಹುಟ್ಟಿನಲ್ಲೇ ಇದು ಬೆರಕೆ ವಿದ್ಯೆ. ವಿಸರಣೆಯ ನಿಯಮವನ್ನು 1855ರಲ್ಲಿ ಕೊಟ್ಟ ಅಡಾಲ್ಫ್ ಫಿಕ್ ವೈದ್ಯ. ಅಭಿಸರಣ ಒತ್ತಡವನ್ನು ಅಳೆದ ವಿಲ್ಹೆಲ್ಮ್ ಫೆಫರ್ ಸಸ್ಯವಿಜ್ಞಾನಿ. ಆತನ ಅಂಕಿಗಳ ಮೇಲೆ ಕಟ್ಟಿದ ದ್ರಾವಣ ಸಿದ್ಧಾಂತ ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನದ ಮೊತ್ತಮೊದಲ ನೊಬೆಲ್ ತಂದುಕೊಡುವುದರಲ್ಲಿ ಪಾಲು ಪಡೆಯಿತು. ಪಿಎಚ್ ಮಾನವನ್ನು 1909ರಲ್ಲಿ ಬಳಕೆಗೆ ತಂದ ಸೋರೆನ್‌ಸೆನ್ ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನಲ್ಲಿ, ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯವರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ. ಕಿಣ್ವಗಳ ವೇಗಕ್ಕೆ ಲಿಯೊನೋರ್ ಮಿಖೈಲಿಸ್ ಮತ್ತು ಮಾಡ್ ಮೆಂಟನ್ 1913ರಲ್ಲಿ ಕೊಟ್ಟ ಸಮೀಕರಣ ಇವತ್ತಿಗೂ ಪದವಿ ತರಗತಿಯ ಮೊದಲ ಪಾಠ.

ಪ್ರೋಟೀನುಗಳು ಗೊತ್ತುಗುರಿಯಿಲ್ಲದ ಅಂಟು ಮುದ್ದೆಗಳು ಎಂಬ ನಂಬಿಕೆ 1920ರ ದಶಕದಲ್ಲೂ ಬಲವಾಗಿತ್ತು. ಸ್ವೀಡನ್ನಿನ ಉಪ್ಸಾಲಾದಲ್ಲಿ ಥಿಯೊಡೋರ್ ಸ್ವೆಡ್‌ಬರ್ಗ್ ಅತಿವೇಗದ ಸೆಂಟ್ರಿಫ್ಯೂಜ್ ಕಟ್ಟಿ, ಪ್ರೋಟೀನು ದ್ರಾವಣವನ್ನು ಗರಗರ ತಿರುಗಿಸಿ ನೋಡಿದ. ಹಿಮೋಗ್ಲೋಬಿನ್ನಿನ ಕಣಗಳೆಲ್ಲ ಒಂದೇ ವೇಗದಲ್ಲಿ ತಳ ಸೇರಿದವು. ಮುದ್ದೆಯಾಗಿದ್ದರೆ ಹಾಗಾಗುತ್ತಿರಲಿಲ್ಲ, ಅದಕ್ಕೆ ನಿಶ್ಚಿತ ತೂಕವಿದೆ, ಅದು ಅಣು. ಆತನ ಶಿಷ್ಯ ಆರ್ನೆ ಟಿಸೇಲಿಯಸ್ ವಿದ್ಯುತ್ ಕ್ಷೇತ್ರದಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸುವ ಉಪಕರಣವನ್ನು ಪಳಗಿಸಿದ. ಅದು ಮುಂದೆ ಎಲ್ಲಿಗೆ ಹೋಯಿತು ಎಂಬುದು ಕೆಳಗೆ ಬರುತ್ತದೆ.

ಹಿಮೋಗ್ಲೋಬಿನ್ನಿನ ಕಥೆ

ಈ ಕ್ಷೇತ್ರವನ್ನು ಒಂದೇ ಅಣುವಿನ ಮೂಲಕ ಪರಿಚಯ ಮಾಡಿಕೊಡಬೇಕೆಂದರೆ ರಕ್ತದ ಕೆಂಪು ಪ್ರೋಟೀನಿಗಿಂತ ತಕ್ಕದ್ದು ಇನ್ನೊಂದಿಲ್ಲ. 1904ರಲ್ಲಿ ಕ್ರಿಸ್ಟಿಯನ್ ಬೋರ್ ಮತ್ತು ಸಂಗಡಿಗರು ಅದು ಆಮ್ಲಜನಕವನ್ನು ಹಿಡಿಯುವ ಗೆರೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗುತ್ತದೆಂದೂ, ಇಂಗಾಲದ ಡೈಆಕ್ಸೈಡ್ ಹೆಚ್ಚಾದಲ್ಲಿ ಹಿಡಿತ ಸಡಿಲವಾಗುತ್ತದೆಂದೂ ತೋರಿಸಿದರು. (ಪರಮಾಣು ಮಾದರಿಯ ನೀಲ್ಸ್ ಬೋರ್ ಈತನ ಮಗ.) ಕೇಂಬ್ರಿಜ್‌ನ ಗಿಲ್ಬರ್ಟ್ ಅಡೇರ್ ಅಭಿಸರಣ ಒತ್ತಡವನ್ನು ತಾಳ್ಮೆಯಿಂದ ಅಳೆದು, ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ ಎಂದು 1925ರಲ್ಲಿ ಹೇಳಿದ. ನಾಲ್ಕು ಆಸನಗಳ ಪೈಕಿ ಒಂದು ತುಂಬಿದರೆ ಉಳಿದವು ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಬರಮಾಡಿಕೊಳ್ಳುತ್ತವೆ. ಗೆರೆ ಬಾಗಿರುವುದು ಅದಕ್ಕೇ.

ಅದೇ ಅಡೇರ್ ಬೆಳೆಸಿಕೊಟ್ಟ ಕುದುರೆಯ ಹಿಮೋಗ್ಲೋಬಿನ್ ಹರಳುಗಳಿಂದ ಮ್ಯಾಕ್ಸ್ ಪೆರುಟ್ಸ್ ಕ್ಷ-ಕಿರಣ ಚಿತ್ರ ತೆಗೆಯತೊಡಗಿದ್ದು 1937ರಲ್ಲಿ. ಚಿತ್ರದಲ್ಲಿ ಚುಕ್ಕಿಗಳು ಕಂಡವು, ಅರ್ಥ ಕಾಣಲಿಲ್ಲ. ಅಣುವಿಗೆ ಪಾದರಸದ ಪರಮಾಣುಗಳನ್ನು ಅಂಟಿಸಿ ಚುಕ್ಕಿಗಳ ಬದಲಾವಣೆಯಿಂದ ದಾರಿ ಹುಡುಕಬಹುದೆಂದು ಹೊಳೆದದ್ದು 1953ರಲ್ಲಿ, ಸ್ಥೂಲ ಆಕಾರ ಸಿಕ್ಕಿದ್ದು 1959ರಲ್ಲಿ. ಮೊದಲ ಚಿತ್ರದಿಂದ ಅಲ್ಲಿಗೆ 22 ವರ್ಷ. ಇಂದಿನ ಮೂರು ವರ್ಷದ ಅನುದಾನದ ಲೆಕ್ಕದಲ್ಲಿ ಪೆರುಟ್ಸ್ ಏಳು ಸಲ ವಿಫಲನಾಗಿರುತ್ತಿದ್ದ. 1962ರ ನೊಬೆಲ್ ಅವನಿಗೂ, ಸ್ನಾಯುವಿನ ಪ್ರೋಟೀನಾದ ಮಯೋಗ್ಲೋಬಿನ್ನಿನ ರಚನೆ ಬಿಡಿಸಿದ ಜಾನ್ ಕೆಂಡ್ರೂಗೂ ಹಂಚಿಕೆಯಾಯಿತು.

ಇನ್ನೊಂದು ಎಳೆ ಅಮೆರಿಕದ ಪಾಸಡೀನಾದಲ್ಲಿ. ಲೈನಸ್ ಪಾಲಿಂಗ್‌ಗೆ ಕುಡುಗೋಲು ಕಣ ರಕ್ತಹೀನತೆಯ ಕಣಗಳು ಆಮ್ಲಜನಕ ಕಡಿಮೆಯಾದಾಗ ಮಾತ್ರ ಬಾಗುತ್ತವೆ ಎಂದು ಕೇಳಿದ ಕೂಡಲೇ ದೋಷ ಹಿಮೋಗ್ಲೋಬಿನ್ನಿನಲ್ಲೇ ಇರಬೇಕೆಂಬ ಸಂಶಯ ಬಂತು. ಹಾರ್ವೆ ಇಟಾನೊ ಮತ್ತು ಇತರರೊಡನೆ ಟಿಸೇಲಿಯಸ್ ಮಾದರಿಯ ಉಪಕರಣದಲ್ಲಿ ರೋಗಿಯ ಹಿಮೋಗ್ಲೋಬಿನ್ನನ್ನು ಹರಿಯಬಿಟ್ಟಾಗ ಅದು ಬೇರೆ ವೇಗದಲ್ಲಿ ಸಾಗಿತು. 1949ರ ಆ ಪ್ರಬಂಧ ರೋಗವೊಂದನ್ನು ಮೊದಲ ಬಾರಿಗೆ ‘ಅಣುರೋಗ’ ಎಂದು ಕರೆಯಿತು. ಮುಂದೆ ತಿಳಿದುಬಂದಂತೆ ವ್ಯತ್ಯಾಸ ಬೀಟಾ ಸರಪಳಿಯ ಆರನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲದ್ದು: ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವೇಲಿನ್. ಒಂದು ಋಣ ಆವೇಶ ಹೋಗಿ ಒಂದು ಜಿಡ್ಡಿನ ಚುಕ್ಕೆ ಬಂತು, ಅಷ್ಟೆ.

ಅಷ್ಟಕ್ಕೆ ಅಣುಗಳು ಸಾಲುಗಟ್ಟಿ ನಾರಾಗುತ್ತವೆ. ವಿಲಿಯಂ ಈಟನ್, ಜೇಮ್ಸ್ ಹಾಫ್ರಿಕ್ಟರ್, ಫಿಲಿಪ್ ರಾಸ್ 1974ರಲ್ಲಿ ಕಂಡುಕೊಂಡ ಸಂಗತಿ ಭೌತರಸಾಯನದ ಕಣ್ಣಿಲ್ಲದೆ ಸಿಗುವಂಥದ್ದಲ್ಲ. ನಾರು ಕೂಡಲೇ ಹುಟ್ಟುವುದಿಲ್ಲ. ಮೊದಲು ಬೀಜಕಣ ಮೂಡಬೇಕು, ಅದಕ್ಕೊಂದು ಕಾಯುವ ಅವಧಿ ಇದೆ. ಆ ಅವಧಿ ಹಿಮೋಗ್ಲೋಬಿನ್ ಸಾಂದ್ರತೆಯ ಸುಮಾರು 30ನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಸಾಂದ್ರತೆ ತುಸುವೇ ತಗ್ಗಿದರೂ ಕಾಯುವ ಕಾಲ ಹಲವು ಪಟ್ಟು ಹಿಗ್ಗುತ್ತದೆ, ಅಷ್ಟರಲ್ಲಿ ಕೆಂಪು ಕಣ ಕಿರುನಾಳಗಳನ್ನು ದಾಟಿ ಶ್ವಾಸಕೋಶಕ್ಕೆ ಮರಳಿರುತ್ತದೆ. ಹೈಡ್ರಾಕ್ಸಿಯೂರಿಯಾ ಔಷಧ ಕೆಲಸ ಮಾಡುವುದು ಮುಖ್ಯವಾಗಿ ಹೀಗೆ: ಅದು ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸಿ ದೋಷದ ಹಿಮೋಗ್ಲೋಬಿನ್ನನ್ನು ತೆಳುಮಾಡುತ್ತದೆ.

ಇದು ದೂರದ ಊರಿನ ಕಾಯಿಲೆಯಲ್ಲ. ನೀಲಗಿರಿಯ ಆದಿವಾಸಿಗಳಲ್ಲಿ ಕುಡುಗೋಲು ಗುಣವಿದೆ ಎಂದು ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ವರದಿ ಮಾಡಿದರು. ಕರ್ನಾಟಕದ ಕಾಡಂಚಿನ ಬುಡಕಟ್ಟುಗಳಲ್ಲೂ ಅದು ಕಂಡುಬಂದಿದೆ. ಇದನ್ನು ತೊಡೆಯುವ ರಾಷ್ಟ್ರೀಯ ಕಾರ್ಯಕ್ರಮ 2023ರ ಜುಲೈನಲ್ಲಿ ಆರಂಭವಾಯಿತು. ಪ್ರಯೋಗನಾಳದ ಲೆಕ್ಕ ದೇಹದಲ್ಲಿ ಯಾವಾಗಲೂ ತಾಳೆಯಾಗುವುದಿಲ್ಲ ಎಂಬುದಕ್ಕೂ ಉದಾಹರಣೆ ಇಲ್ಲೇ ಇದೆ. ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿನ ಹಿಡಿತ ಬಿಗಿಗೊಳಿಸಿದರೆ ನಾರುಗಟ್ಟುವುದು ತಪ್ಪುತ್ತದೆ ಎಂಬ ಸರಿಯಾದ ತರ್ಕದ ಮೇಲೆ ರೂಪುಗೊಂಡ ವಾಕ್ಸೆಲೊಟಾರ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತ್ತು. 2024ರಲ್ಲಿ ಅದನ್ನು ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ಹಿಂತೆಗೆದುಕೊಳ್ಳಲಾಯಿತು.

ಪೋಷಣೆ: ಹಣ, ಕಟ್ಟಡ, ಕ್ಯಾಂಟೀನು

ಮೇಲಿನ ಕಥೆಯಲ್ಲಿ ಬಂದ ಉಪ್ಸಾಲಾ, ಕೇಂಬ್ರಿಜ್, ಪಾಸಡೀನಾ ಮೂರಕ್ಕೂ ಹಣ ಹರಿದ ಒಂದು ಮೂಲ ಸಾಮಾನ್ಯ: ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ರತಿಷ್ಠಾನ. 1932ರಲ್ಲಿ ಅದರ ನೈಸರ್ಗಿಕ ವಿಜ್ಞಾನ ವಿಭಾಗದ ಹೊಣೆ ಹೊತ್ತ ವಾರನ್ ವೀವರ್ ಗಣಿತಜ್ಞ. ಭೌತ ಮತ್ತು ರಸಾಯನ ವಿಜ್ಞಾನಿಗಳನ್ನು ಜೀವದ ಪ್ರಶ್ನೆಗಳತ್ತ ತಿರುಗಿಸಬೇಕೆಂಬುದು ಅವನ ಹಟ. ‘ಅಣುಜೀವವಿಜ್ಞಾನ’ ಎಂಬ ಹೆಸರನ್ನು 1938ರ ವರದಿಯಲ್ಲಿ ಮುದ್ರಿಸಿದವನೂ ಅವನೇ. ಉಪಕರಣಕ್ಕೆ ಧಾರಾಳವಾಗಿ ಕೊಡು, ಆಯ್ದ ಕೆಲವರನ್ನು ಬಹುಕಾಲ ನಂಬು — ಇದು ಅವನ ಪದ್ಧತಿಯಾಗಿತ್ತು.

ಎರಡನೆಯ ಮಹಾಯುದ್ಧವೂ ಪೋಷಿಸಿತು. ಹಾರ್ವರ್ಡಿನ ಎಡ್ವಿನ್ ಕೋನ್ ತಂಡ ಆಲ್ಕೊಹಾಲಿನ ಪ್ರಮಾಣ, ಪಿಎಚ್, ಉಷ್ಣತೆ, ಲವಣಾಂಶ, ಪ್ರೋಟೀನಿನ ಸಾಂದ್ರತೆ ಈ ಐದನ್ನು ಹಿಗ್ಗಿಸಿ ಕುಗ್ಗಿಸಿ ರಕ್ತದ ಪ್ಲಾಸ್ಮಾದಿಂದ ಆಲ್ಬ್ಯುಮಿನ್ ಬೇರ್ಪಡಿಸಿತು. ರಕ್ತಸ್ರಾವದಿಂದ ಕುಸಿದ ಸೈನಿಕರಿಗೆ ಅದನ್ನು ಕೊಡಲಾಯಿತು. ಪ್ಲಾಸ್ಮಾ ಉದ್ಯಮ ಇಂದಿಗೂ ಆ ವಿಧಾನದ ನೆರಳಲ್ಲೇ ಇದೆ.

ಹೆಸರಿನಲ್ಲೇ ಈ ಶಾಸ್ತ್ರವನ್ನು ಹೊತ್ತ ಅತಿ ದೊಡ್ಡ ಸಂಸ್ಥೆ ಜರ್ಮನಿಯ ಗಾಟಿಂಗನ್ನಿನಲ್ಲಿತ್ತು. ಅಲ್ಲಿ 1949ರಲ್ಲಿ ಭೌತರಸಾಯನದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಕಟ್ಟಿದ ಕಾರ್ಲ್ ಫ್ರೀಡ್ರಿಶ್ ಬಾನ್‌ಹೋಫರ್ ನರದ ಸಂಕೇತಕ್ಕೆ ಮಾದರಿಯಾಗಿ ಆರಿಸಿಕೊಂಡದ್ದು ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದ ಕಬ್ಬಿಣದ ತಂತಿ! ತಂತಿಯ ಒಂದು ತುದಿಯನ್ನು ಕೆಣಕಿದರೆ ಮೇಲ್ಮೈಯ ಬದಲಾವಣೆ ಅಲೆಯಂತೆ ಇನ್ನೊಂದು ತುದಿಗೆ ಓಡುತ್ತದೆ. ಅವನ ಬಳಿಕ ಬಂದ ಮಾನ್‌ಫ್ರೆಡ್ ಐಗೆನ್, ಅಳೆಯಲಾಗದಷ್ಟು ವೇಗದ್ದೆಂದು ಪುಸ್ತಕಗಳು ಕೈಬಿಟ್ಟಿದ್ದ ಕ್ರಿಯೆಗಳನ್ನು ಅಳೆದ. ಸಮತೋಲದಲ್ಲಿರುವ ದ್ರಾವಣಕ್ಕೆ ಒಮ್ಮೆಲೇ ಬಿಸಿ ಮುಟ್ಟಿಸಿ, ಅದು ಹೊಸ ಸಮತೋಲಕ್ಕೆ ಹೊಂದಿಕೊಳ್ಳುವ ಕ್ಷಣವನ್ನು ಹಿಡಿಯುವುದು ಅವನ ಉಪಾಯ. ಈ ಹಾದಿಗೆ ಅವನನ್ನು ಹಚ್ಚಿದ್ದರಲ್ಲಿ ಸಮುದ್ರದ ನೀರು ಶುದ್ಧ ನೀರಿಗಿಂತ ಹೆಚ್ಚು ಶಬ್ದವನ್ನು ಏಕೆ ಹೀರುತ್ತದೆ ಎಂಬ ಪ್ರಶ್ನೆಯೂ ಒಂದು. ಉತ್ತರ ನೀರಿನೊಳಗಿನ ಮೆಗ್ನೀಸಿಯಂ ಸಲ್ಫೇಟ್. 1967ರ ನೊಬೆಲ್ ಪಡೆದ ಐಗೆನ್ ಒತ್ತಾಯದಿಂದ 1971ರಲ್ಲಿ ಜೀವಭೌತ ರಸಾಯನದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ತಲೆಯೆತ್ತಿತು.

ಅದರ ಫಲ ಸಂಸ್ಥಾಪಕರು ಎಣಿಸದ ಕಡೆಗಳಲ್ಲಿ ಬಂತು. ಭೌತವಿಜ್ಞಾನಿ ಎರ್ವಿನ್ ನೇಹರ್, ವೈದ್ಯ ಬರ್ಟ್ ಜಾಕ್‌ಮನ್ ಸೇರಿ ಮೈಕ್ರಾನ್ ಅಗಲದ ಗಾಜಿನ ಕೊಳವೆಯ ತುದಿಯನ್ನು ಸ್ನಾಯುಕೋಶದ ಪೊರೆಗೆ ಒತ್ತಿ, ಒಂದೇ ಒಂದು ಅಯಾನು ಕಾಲುವೆ ತೆರೆದು ಮುಚ್ಚುವುದನ್ನು ಆಲಿಸಿದರು (1976, ನೊಬೆಲ್ 1991). ಎಂಆರ್‌ಐ ಚಿತ್ರವನ್ನು ಹತ್ತಾರು ಪಟ್ಟು ಬೇಗ ತೆಗೆಯುವ ವಿಧಾನ ಇಲ್ಲಿಯೇ ಯೆನ್ಸ್ ಫ್ರಾಮ್ ತಂಡದಿಂದ 1980ರ ದಶಕದಲ್ಲಿ ಬಂತು. ಇಂದು ಆಸ್ಪತ್ರೆಯ ಎಂಆರ್‌ಐ ಕೋಣೆಗೆ ಹೋದವರೆಲ್ಲ ಆ ಪರಂಪರೆಯ ಫಲಾನುಭವಿಗಳು. ಬೆಳಕಿನ ಸೂಕ್ಷ್ಮದರ್ಶಕದ ಸುಮಾರು 200 ನ್ಯಾನೊಮೀಟರಿನ ಮಿತಿಯನ್ನು ಮೀರಬಹುದೆಂದು 1994ರಲ್ಲಿ ಫಿನ್‌ಲೆಂಡಿನ ಟುರ್ಕುವಿನಲ್ಲಿ ಕುಳಿತು ಬರೆದ ಸ್ಟೆಫಾನ್ ಹೆಲ್‌ಗೆ ನೆಲೆ ಕೊಟ್ಟದ್ದೂ ಗಾಟಿಂಗನ್. 2014ರಲ್ಲಿ ಅವನಿಗೂ ನೊಬೆಲ್. 2022ರಲ್ಲಿ ಈ ಸಂಸ್ಥೆ ನೆರೆಯ ಪ್ರಾಯೋಗಿಕ ವೈದ್ಯ ಸಂಸ್ಥೆಯೊಡನೆ ವಿಲೀನವಾಗಿ ‘ಬಹುಶಿಸ್ತೀಯ ವಿಜ್ಞಾನಗಳ’ ಸಂಸ್ಥೆಯಾಯಿತು. ಹಳೆಯ ಹೆಸರಿನಲ್ಲಿ ಒಂದು ಕಸುಬಿನ ವಾಸನೆಯಿತ್ತು, ಹೊಸದು ಸುತ್ತೋಲೆಯ ಭಾಷೆ ಎಂದು ಈ ಲೇಖಕನಿಗೆ ಅನಿಸುತ್ತದೆ.

ಕೇಂಬ್ರಿಜ್‌ನ ಅಣುಜೀವವಿಜ್ಞಾನ ಪ್ರಯೋಗಾಲಯ ಇನ್ನೊಂದು ಮಾದರಿ. ಅದರ ಕ್ಯಾಂಟೀನನ್ನು ವರ್ಷಗಟ್ಟಲೆ ನಡೆಸಿದವರು ಪೆರುಟ್ಸ್‌ನ ಹೆಂಡತಿ ಗಿಸೆಲಾ. ಕಾಫಿ, ಊಟ, ಸಂಜೆಯ ಚಹಾ ಎಲ್ಲರಿಗೂ ಅಲ್ಲೇ. ಉಪಕರಣಗಳೂ ಹಂಚಿಕೆಯವು; ಗುಂಪುಗಳು ಸಣ್ಣವು. ಗಣಿತದವನೂ ಹರಳು ಬೆಳೆಸುವವನೂ ಒಂದೇ ಮೇಜಿಗೆ ಬರಲೇಬೇಕಾದ ಏರ್ಪಾಟು ಅದು.

ವಿಧಾನಗಳು

ಕ್ಷ-ಕಿರಣಕ್ಕೆ ಹರಳು ಬೇಕು. ಕುರ್ಟ್ ವ್ಯೂಟ್ರಿಚ್ ಬೆಳೆಸಿದ ಎನ್‌ಎಂಆರ್ ವಿಧಾನ (ನೊಬೆಲ್ 2002) ದ್ರಾವಣದಲ್ಲೇ ರಚನೆ ತೋರಿಸುತ್ತದೆ. ಕ್ರಯೊ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕ (ನೊಬೆಲ್ 2017) ಮಂಜುಗಡ್ಡೆಯ ಹರಳು ಮೂಡದಷ್ಟು ಬೇಗ ಹೆಪ್ಪುಗಟ್ಟಿಸಿದ ಒಂದೊಂದೇ ಅಣುವಿನ ಲಕ್ಷಾಂತರ ಚಿತ್ರಗಳನ್ನು ಒಟ್ಟುಗೂಡಿಸುತ್ತದೆ. ಎರಡು ಬಣ್ಣದ ಅಣುಗಳ ನಡುವೆ ಶಕ್ತಿ ಜಿಗಿಯುವುದನ್ನು ನೋಡಿ ನ್ಯಾನೊಮೀಟರುಗಳನ್ನು ಅಳೆಯಬಹುದೆಂದು ಲೂಬರ್ಟ್ ಸ್ಟ್ರೈಯರ್ ಮತ್ತು ರಿಚರ್ಡ್ ಹಾಗ್ಲಂಡ್ 1967ರಲ್ಲಿ ತೋರಿಸಿದರು. ಕಂಪ್ಯೂಟರಿನಲ್ಲಿ ಪ್ರೋಟೀನನ್ನು ಅಲುಗಾಡಿಸಿದ ಮೊದಲ ಪ್ರಯತ್ನ 1977ರದ್ದು: 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಹತ್ತು ಪಿಕೋಸೆಕೆಂಡಿಗೂ ಕಡಿಮೆ ಅವಧಿ. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರ 1971ರಲ್ಲಿ ಏಳು ರಚನೆಗಳಿಂದ ಶುರುವಾಗಿ 2023ರಲ್ಲಿ 2 ಲಕ್ಷ ದಾಟಿತು. ಅಮೈನೋ ಆಮ್ಲಗಳ ಸಾಲಿನಿಂದ ಆಕಾರ ಊಹಿಸುವ ಆಲ್ಫಾಫೋಲ್ಡ್ (ನೊಬೆಲ್ 2024) ಕಲಿತದ್ದು ಈ ಭಂಡಾರದಿಂದಲೇ. ಆಕಾರವನ್ನು ಅದು ಚೆನ್ನಾಗಿ ಹೇಳುತ್ತದೆ. ಮಡಿಕೆ ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ, ಎಷ್ಟು ಶಕ್ತಿಯ ವೆಚ್ಚದಲ್ಲಿ ಆಯಿತು ಎಂಬುದು ಅದರ ಉತ್ತರಪತ್ರಿಕೆಯಲ್ಲಿಲ್ಲ.

ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಈ ವಿದ್ಯೆಯ ಎರಡು ಗುರುತುಗಳಿವೆ. ವೈರಸ್ಸಿನ ಮುಳ್ಳು ಪ್ರೋಟೀನು ಆಕಾರ ಬದಲಿಸದಂತೆ ಎರಡು ಕಡೆ ಪ್ರೋಲಿನ್ ಕೂರಿಸಿ ಬಿಗಿದದ್ದು ಒಂದು. ಆರ್‌ಎನ್‌ಎಯನ್ನು ಸುತ್ತಿದ ಮೇದಸ್ಸಿನ ಗುಳಿಗೆ ರಕ್ತದ ಪಿಎಚ್‌ನಲ್ಲಿ ಆವೇಶವಿಲ್ಲದೆ ಸುಮ್ಮನಿದ್ದು, ಕೋಶದೊಳಗಿನ ಹುಳಿ ಚೀಲದಲ್ಲಿ ಧನ ಆವೇಶ ಪಡೆದು ಪೊರೆಯನ್ನು ಹರಿದು ಹೊರಬರುವುದು ಇನ್ನೊಂದು. ಮೊಸರಿನ ಕೇಸಿನ್ ಹುಳಿಯಲ್ಲಿ ಆವೇಶ ಕಳೆದುಕೊಳ್ಳುತ್ತದೆ, ಲಸಿಕೆಯ ಮೇದಸ್ಸು ಹುಳಿಯಲ್ಲಿ ಆವೇಶ ಪಡೆಯುತ್ತದೆ, ಲೆಕ್ಕ ಒಂದೇ.

ಮದರಾಸು, ಬೆಂಗಳೂರು

ಭಾರತದಲ್ಲಿ ಈ ಕ್ಷೇತ್ರದ ಮೊದಲ ದೊಡ್ಡ ಹೆಸರು ಜಿ.ಎನ್. ರಾಮಚಂದ್ರನ್ (1922–2001). 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು, ಸಿ.ವಿ. ರಾಮನ್ ಕೈಗೆ ಸಿಕ್ಕಿ ಭೌತವಿಜ್ಞಾನಿಯಾದವರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ವಿಭಾಗ ಕಟ್ಟುವಾಗ ಕೈಯಲ್ಲಿ ಹೆಚ್ಚು ಸಲಕರಣೆ ಇರಲಿಲ್ಲ, ಆದರೆ ನೆರೆಯಲ್ಲೇ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮವೆಂದರೆ ಕೊಲಾಜೆನ್. ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ಕೊಲಾಜೆನ್ನಿಗೆ ಮೂರು ಎಳೆಯ ಜಡೆಯ ರಚನೆ ಸೂಚಿಸಿದರು. ಮರುವರ್ಷ ಅದನ್ನು ತಿದ್ದಿದರು.

ಆ ಜಡೆಯಲ್ಲಿ ಕೆಲವು ಪರಮಾಣುಗಳು ಅತಿಯಾಗಿ ಹತ್ತಿರ ಬಂದಿವೆ ಎಂದು ಕೇಂಬ್ರಿಜ್ ಕಡೆಯಿಂದ ಆಕ್ಷೇಪ ಬಂತು. ಎಷ್ಟು ಹತ್ತಿರವಾದರೆ ಅತಿ? ರಾಮಚಂದ್ರನ್ ಗುಂಪು ಅದುವರೆಗೆ ಪ್ರಕಟವಾಗಿದ್ದ ಸಣ್ಣ ಅಣುಗಳ ಸ್ಫಟಿಕ ರಚನೆಗಳನ್ನು ಜಾಲಾಡಿ, ಪರಮಾಣುಗಳ ನಡುವೆ ಸಾಧ್ಯವಿರುವ ಕನಿಷ್ಠ ಅಂತರಗಳನ್ನು ಪಟ್ಟಿ ಮಾಡಿತು. ಪ್ರೋಟೀನಿನ ಬೆನ್ನೆಲುಬು ತಿರುಗಬಲ್ಲ ಎರಡು ಕೋನಗಳ ಯಾವ ಜೋಡಿಗಳಲ್ಲಿ ಪರಮಾಣುಗಳು ಡಿಕ್ಕಿಯಾಗುವುದಿಲ್ಲ ಎಂಬುದನ್ನು ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಡನೆ ನಕ್ಷೆಯಾಗಿಸಿ 1963ರಲ್ಲಿ ಪ್ರಕಟಿಸಿದರು. ನಕ್ಷೆಯ ಬಹುಭಾಗ ನಿಷಿದ್ಧ ಪ್ರದೇಶ. ರಾಮಚಂದ್ರನ್ ನಕ್ಷೆ ಎಂದು ಹೆಸರಾದ ಅದರ ಮೇಲೆ ಒರೆ ಹಚ್ಚದೆ ಇಂದಿಗೂ ಯಾವ ಹೊಸ ಪ್ರೋಟೀನ್ ರಚನೆಯನ್ನೂ ಒಪ್ಪುವುದಿಲ್ಲ. ಆಕ್ಷೇಪವೊಂದಕ್ಕೆ ಕೊಟ್ಟ ಉತ್ತರ ಮೂಲ ಜಡೆಗಿಂತಲೂ ಹೆಚ್ಚು ಬಾಳಿತು.

1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗ ಆರಂಭಿಸಿದರು. ಪಿ. ಬಲರಾಂ ಕಿರು ಪೆಪ್ಟೈಡುಗಳನ್ನು ಸಂಶ್ಲೇಷಿಸಿ ಎನ್‌ಎಂಆರ್ ಮತ್ತು ಸ್ಫಟಿಕ ವಿಧಾನದಿಂದ ಅವುಗಳ ಮಡಿಕೆಯ ನಿಯಮ ಹುಡುಕಿದ್ದು ಇಲ್ಲಿ. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್ಕಿನ್ ಜೊತೆ ಇನ್ಸುಲಿನ್ ಮೇಲೆ ದುಡಿದು ಬಂದ ಎಂ. ವಿಜಯನ್, 1980ರ ದಶಕದಲ್ಲಿ ದೇಶದೊಳಗೇ ಪ್ರೋಟೀನ್ ಸ್ಫಟಿಕ ಕೆಲಸಕ್ಕೆ ಬೇಕಾದ ಸೌಕರ್ಯ ಕಟ್ಟಿದರು. ವಸ್ತುವಿಗಾಗಿ ಅವರು ದೂರ ಹೋಗಲಿಲ್ಲ. ಸಕ್ಕರೆಯ ಸರಪಳಿಗಳನ್ನು ಗುರುತಿಸುವ ಲೆಕ್ಟಿನ್ ಎಂಬ ಪ್ರೋಟೀನುಗಳು ನಮ್ಮ ಕಾಳು, ಬೀಜಗಳಲ್ಲೇ ಹೇರಳ. ಅವಧೇಶ ಸುರೋಲಿಯಾ ಸಹಯೋಗದಲ್ಲಿ ಕಡಲೆಕಾಯಿಯ ಲೆಕ್ಟಿನ್ ರಚನೆ 1994ರಲ್ಲಿ ಹೊರಬಂತು. ನಾಲ್ಕು ಒಂದೇ ತೆರನ ಘಟಕಗಳು ಸೇರಿದಾಗ ಇರಬೇಕೆಂದು ಎಲ್ಲರೂ ನಿರೀಕ್ಷಿಸುವ ಸಮ್ಮಿತಿ ಅದರಲ್ಲಿರಲಿಲ್ಲ. 1996ರಲ್ಲಿ ಹಲಸಿನ ಬೀಜದ ಜಕಲಿನ್ ಬಂತು. ಅದರ ಮಡಿಕೆ ಆವರೆಗೆ ಯಾವ ಲೆಕ್ಟಿನ್ನಿನಲ್ಲೂ ಕಂಡಿರದ ಪಟ್ಟಕದ ಆಕಾರದ್ದು.

ಅಡೆತಡೆ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ದಶಕಗಳ ಕಾಲ ವಿದ್ಯಾರ್ಥಿಗಳು ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿವಿಜ್ಞಾನ) ಎಂಬ ಎರಡು ಕೋಣೆಗಳಲ್ಲಿ ಕುಳಿತರು. ಪಿಸಿಎಂನವರು ಕೋಶವನ್ನು ಮರೆತರು, ಸಿಬಿಝಡ್‌ನವರು ಅವಕಲನವನ್ನು ಮರೆತರು. ಮೂರು ವರ್ಷ ಕಳೆದ ಮೇಲೆ ಒಬ್ಬನಿಗೆ ಕಿಣ್ವದ ಹೆಸರು ಹೆದರಿಕೆ, ಇನ್ನೊಬ್ಬಳಿಗೆ ಘಾತಾಂಕದ ಗೆರೆ ಹೆದರಿಕೆ. ದಾಟಿದವರು ಇಲ್ಲವೆಂದಲ್ಲ. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದ ಬಳಿಕ ಸ್ಯಾನ್ ಡಿಯಾಗೊದಲ್ಲಿ ಜೀವವಿಜ್ಞಾನಕ್ಕೆ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು; ರೈಬೋಸೋಮ್ ರಚನೆಗಾಗಿ 2009ರಲ್ಲಿ ರಸಾಯನದ ನೊಬೆಲ್ ಹಂಚಿಕೊಂಡರು. ಆದರೆ ಎರಡನೆಯ ಸಲ ವಿದ್ಯಾರ್ಥಿಯಾಗಲು ಮನೆಯ ಪರಿಸ್ಥಿತಿ ಎಲ್ಲರಿಗೂ ಅವಕಾಶ ಕೊಡುವುದಿಲ್ಲ.

2011ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಾಲ್ಕು ವರ್ಷದ ಪದವಿ ಆರಂಭಿಸಿದಾಗ ಮೊದಲ ಮೂರು ಸೆಮಿಸ್ಟರುಗಳಲ್ಲಿ ಪ್ರತಿಯೊಬ್ಬರೂ ಭೌತ, ರಸಾಯನ, ಗಣಿತ, ಜೀವವಿಜ್ಞಾನ ನಾಲ್ಕನ್ನೂ ಓದಲೇಬೇಕೆಂದು ಗೊತ್ತುಮಾಡಿತು. ಯಾವುದರಲ್ಲಿ ಪರಿಣತಿ ಎಂಬ ಆಯ್ಕೆ ಅದರ ನಂತರ.